ಊದಿದ ದೋಣಿ, ಮುಳುಗಿದ ದೋಣಿ

ಅಕ್ಕನ ಮನೆ, ಮೇಲಿನ ಮಹಡಿ
ಮಂಗಳವಾರ ಮಧ್ಯಾಹ್ನ

ರೈಟ್ ರೈಟ್ ಅವರಿಗೆ,

ನಮಸ್ಕಾರ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದರೆ ನೀವು ಹೂಂ ಅನ್ನುತ್ತೀರಿ. ಕಾಗದಕ್ಕೆ ಹೂಂ ಅಂದು ಮುಗಿಸುವುದು ಕಷ್ಟ, ಬಿಡಿಸಿ ಓದಲೇಬೇಕು. ಭಾವ ನಾಳೆ ಲಾರಿ ತೂಗುವ ವೇಬ್ರಿಡ್ಜಿನ ಕೆಲಸಕ್ಕೆ ಹೋಗುವಾಗ ಇದನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಾರೆ. ಕರೆಗಂಟೆ ಒತ್ತುವುದಿಲ್ಲವಂತೆ. ಒತ್ತಿದರೆ ಒಳಗೆ ಕರೆದು ಕೂರಿಸಿ ನಾಣ್ಯ ತೋರಿಸುತ್ತೀರಿ, ಆಮೇಲೆ ಲಾರಿಗಳು ಸಾಲುಗಟ್ಟಿ ನಿಂತು ಹಾರನ್ ಹೊಡೆಯುತ್ತವೆ ಎನ್ನುವುದು ಅವರ ಹೆದರಿಕೆ.

ಈ ಕಥೆಯನ್ನು ಮೊದಲು ಹೇಳಿದವಳು ನಾಣ್ಯಗಳಿಗೆ ದರ್ಜೆ ಹಾಕುವ ಗ್ರೇಡಿಂಗ್ ಕಂಪನಿಯ ಫೋನ್ ಹುಡುಗಿ. ಹೇಳಿದ್ದು ನಿನ್ನೆ, ಸೋಮವಾರ ಬೆಳಿಗ್ಗೆ, ನಾನು ಅಕ್ಕನ ಮನೆಯ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಗ. ನಮ್ಮಜ್ಜಿ ಹಳ್ಳಿಯಲ್ಲಿ ಕಥೆಗೆ ಕೂರಿಸಿದರೆ ಹೀಗೇ ಶುರು ಮಾಡುತ್ತಿದ್ದಳು, ಮೊದಲು ಯಾರು ಹೇಳಿದರು, ಯಾವಾಗ ಹೇಳಿದರು ಎಂದು. ಕಥೆ ಸುಳ್ಳಾದರೆ ಬೈಗುಳ ಸರಿಯಾದ ವಿಳಾಸಕ್ಕೆ ಹೋಗಲಿ ಎನ್ನುತ್ತಿದ್ದಳು.

ಆ ಕಂಪನಿಯಿಂದ ನಮ್ಮ ನಾಣ್ಯಗಳ ಪಾರ್ಸೆಲ್ ಶನಿವಾರ ಬಂತು. ನಾನು ತಕ್ಷಣ ಬಿಚ್ಚಲಿಲ್ಲ. ಊಟದ ಮೇಜಿನ ಮೇಲಿಟ್ಟು ಎದುರಿಗೆ ಕುಳಿತಿದ್ದೆ. ಬಿಚ್ಚಿದರೆ ಹಂಚಬೇಕು. ಹಂಚಿದರೆ ಶುಕ್ರವಾರ ವಕೀಲೆಯ ಮುಂದೆ ವಿಚ್ಛೇದನಕ್ಕೆ ಸಹಿ ಹಾಕಬೇಕು. ಇಷ್ಟು ಮುಗಿದರೆ ಸಾಕಪ್ಪ ಎಂದು ನಾನೇ ಎಷ್ಟು ಸಲ ಹೇಳಿದ್ದೇನೆ! ಆದರೂ ಕತ್ತರಿ ತರಲು ಏಳಲಿಲ್ಲ. ಕೊನೆಗೆ ಅಕ್ಕ, “ಅದೇನು ಹಾವಿನ ಬುಟ್ಟಿನಾ? ಬಿಚ್ಚೇ” ಎಂದು ಚಾಕು ತಂದುಕೊಟ್ಟಳು.

ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಗೊತ್ತಿರುವುದು ಯಾವಾಗಲೂ ಬೇರೆ ಥರ ಗೊತ್ತಿರುತ್ತದೆ. ನಮಗೆ ಮಕ್ಕಳಿಲ್ಲ. ಬೀರು, ಫ್ಯಾನು, ಪಾತ್ರೆಗಳನ್ನೆಲ್ಲ ಅರ್ಧ ದಿನದಲ್ಲಿ ಹಂಚಿಕೊಂಡೆವು. ನನಗೆ ಬೇಡದ ಕುಕ್ಕರನ್ನು ನೀವು ಕೊಟ್ಟಿರಿ, ನಿಮಗೆ ಬೇಡದ ಕುರ್ಚಿಯನ್ನು ನಾನು ಕೊಟ್ಟೆ. ನಾಣ್ಯದ ವಿಷಯ ಬಂದ ಕೂಡಲೇ ಇಬ್ಬರೂ ಎದ್ದು ನಿಂತೆವು. ನಾನು ಒಳ್ಳೆಯದು ಅಂದದ್ದು ನಿಮಗೆ ಸಾಮಾನ್ಯ, ನೀವು ಅಪರೂಪ ಅಂದದ್ದು ನನಗೆ ತಗಡು. ವಕೀಲೆ ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿಟ್ಟಳು. “ಮೊದ್ಲು ಇದನ್ನ ನಿಮ್ಮಿಬ್ಬರ ಮುಖಾನೂ ನೋಡಿರದವರ ಹತ್ರ ದರ್ಜೆ ಹಾಕಿಸ್ಕೊಂಡು ಬನ್ನಿ. ಅವ್ರು ಹೇಳಿದ್ದೇ ಕೊನೇ ಮಾತು. ಆಮೇಲೆ ಸಹಿ” ಅಂದಳು.

ಹಾಗಾಗಿ ಪ್ಯಾಕ್ ಮಾಡಲು ನೀವು ಇಲ್ಲಿಗೆ ಬಂದಿರಿ. ನಾವಿಬ್ಬರೂ ಒಂದು ಮೇಜಿಗೆ ಕೂತು ಬಹಳ ಕಾಲವಾಗಿತ್ತು. ಒಂದೊಂದು ನಾಣ್ಯಕ್ಕೂ ಒಂದೊಂದು ಚೀಟಿ, ಒಂದೊಂದು ಪಾರದರ್ಶಕ ಕವರು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಸಂದಿಯಲ್ಲೆಲ್ಲ ಹಳೆಯ ಪತ್ರಿಕೆ. ನೀವು ಪೆಟ್ಟಿಗೆಯನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಸದ್ದು ಬರ್ತಿದೆ, ಇನ್ನೂ ತುಂಬು” ಅಂದಿರಿ. ಕಂಡಕ್ಟರಾಗಿ ಎಡಗಿವಿಯನ್ನು ಬಸ್ಸಿನ ಇಂಜಿನ್ನಿಗೆ ಕೊಟ್ಟು ಬಂದವರಲ್ಲವೇ ನೀವು. ಅರ್ಜಿಯಲ್ಲಿ ಒಡೆಯ ಒಬ್ಬನೇ ಇರಬೇಕಂತೆ. ಅದಕ್ಕೂ ಜಗಳವಾಡಿದೆವು. ಭಾವ ನಡುವೆ ಬಂದು, ಹೆಸರು ಮತ್ತು ಫೋನು ನಿಮ್ಮದು, ಪಾರ್ಸೆಲ್ ವಾಪಸ್ ಬರುವ ವಿಳಾಸ ನನ್ನದು ಎಂದು ತೀರ್ಮಾನಿಸಿದರು. ಅಂದಿನ ಆ ತೀರ್ಮಾನದಿಂದಲೇ ಇಂದಿನ ಈ ಕಥೆ.

ಪಾರ್ಸೆಲ್ ಒಳಗೆ ಎಲ್ಲವೂ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಲೆಗೊಂದು ಲೇಬಲ್ ಹಚ್ಚಿಸಿಕೊಂಡು, ಶಾಲೆಯ ಫೋಟೋಗೆ ನಿಂತ ಮಕ್ಕಳ ಹಾಗೆ ಕುಳಿತಿದ್ದವು. ನಿಮ್ಮ ಎದೆ ಗಟ್ಟಿ ಮಾಡಿಕೊಳ್ಳಿ. ಕುದುರೆಯ ದೊಡ್ಡ ಬೆಳ್ಳಿ ನಾಣ್ಯಕ್ಕೆ ಅಂಕ ಬಂದಿಲ್ಲ. ಅಸಲಿ ಹೌದು, ಆದರೆ ಉಜ್ಜಿ ಹೊಳಪು ಬರಿಸಿದ್ದಾರೆ, ಆದ್ದರಿಂದ ಅಂಕ ಕೊಡುವುದಿಲ್ಲ ಎಂದು ಬರೆದಿದ್ದಾರೆ. ಕಂಡಕ್ಟರ್ ಬಿಲ್ಲೆ, ಪೀಪಿ ಉಜ್ಜುವ ಪಾಲಿಶಿನಲ್ಲಿ ಅದನ್ನು ಉಜ್ಜಬೇಡಿ ಎಂದು ಆವತ್ತು ಹೇಳಿದ್ದೆ. ನೀವು ಹೂಂ ಅಂದಿದ್ದಿರಿ. ಬಸ್ಸಿನ ಮೆಟ್ಟಿಲ ಸಂದಿಯಲ್ಲಿ ಸಿಕ್ಕಿದ ಆ ಮುಖ ಸವೆದ ತಾಮ್ರದ ಕಾಸು ಇದೆಯಲ್ಲ, ಲೆಕ್ಕಕ್ಕಿಲ್ಲದ್ದು ಎಂದು ಪಕ್ಕಕ್ಕಿಟ್ಟು ಕೊನೆಗೆ ಸೇರಿಸಿದ್ದೆವು, ಅದಕ್ಕೆ ಎಪ್ಪತ್ತಕ್ಕೆ ಹನ್ನೆರಡು ಕೊಟ್ಟಿದ್ದಾರೆ. ಸವೆದದ್ದಕ್ಕೂ ಒಂದು ಅಂಕ ಇರುತ್ತದಂತೆ. ಎಷ್ಟೋ ಕೈ ಮುಟ್ಟಿದ್ದರಿಂದ ಸವೆದದ್ದು ತಪ್ಪಲ್ಲವಂತೆ.

ನಾನು ಒಂದೊಂದನ್ನೇ ಇಳಿಸಿ ಚೀಟಿಯ ಜೊತೆ ತಾಳೆ ನೋಡಿದೆ. ಎಲ್ಲ ಸರಿಯಾಗಿತ್ತು. ದೋಣಿ ಚಿತ್ರದ ಎರಡು ನಾಣ್ಯ, ಅಂದರೆ ನಮ್ಮ ದೋಣಿಗಳು ಮಾತ್ರ ಕಾಣಲಿಲ್ಲ.

ಚೀಟಿಗಳನ್ನು ಮತ್ತೊಮ್ಮೆ ಎಣಿಸಿದೆ. ಬೇರೆ ಏನು ಹೋದರೂ ಹೋಗಲಿ ಎನ್ನಬಹುದು. ಆ ಎರಡನ್ನು ಯಾರ ದರ್ಜೆಯೂ ಇಲ್ಲದೆ ನಾವು ಮೊದಲೇ ಹಂಚಿಕೊಂಡಿದ್ದೆವು, ನಿಮ್ಮ ದೋಣಿ ನಿಮಗೆ, ನನ್ನ ದೋಣಿ ನನಗೆ ಎಂದು. ಆದರೂ ಎಲ್ಲದರ ಜೊತೆ ಅವನ್ನೂ ಕಳಿಸಿದ್ದೆವು. ಬೆಳಿಗ್ಗೆ ಡ್ಯೂಟಿಗೆ ಮೊದಲು ನೀವು ಬ್ಯಾಂಕಿನ ನನ್ನ ಕೌಂಟರಿಗೆ ಬಂದು “ಚಿಲ್ಲರೆ ಮೇಡಂ, ಇವತ್ತು ಕೈ ಬಿಗಿ ಮಾಡ್ಬೇಡಿ” ಅನ್ನುತ್ತಿದ್ದ ಕಾಲದವು ಅವು. ಒಂದು ದಿನ ನಾನು ಹೊಸ ನಾಣ್ಯದ ಚೀಲ ಒಡೆದು ನಿಮಗೆ ಒಂದು ಪೊಟ್ಟಣ ಕೊಟ್ಟೆ. ಮರುದಿನ ನೀವು ಅದರಲ್ಲೇ ಸಿಕ್ಕಿದ ಒಂದು ನಾಣ್ಯ ತಂದು ತೋರಿಸಿದಿರಿ. ಅಂಚು ಹರಡಿಕೊಂಡು, ದೋಣಿ ದಪ್ಪಗಾಗಿ, ಗದ್ದಕಟ್ಟು ಬಂದ ಮುಖದ ಹಾಗಿತ್ತು. ನಾನು ನಗುತ್ತಾ ಡ್ರಾಯರಿನಿಂದ ನನ್ನದನ್ನು ತೆಗೆದೆ. ಚೀಲದ ತಳದಲ್ಲಿ ಸಿಕ್ಕಿದ್ದು, ನನ್ನ ಕೈಯಿಂದ ಬದಲಿ ಹಾಕಿ ಇಟ್ಟುಕೊಂಡಿದ್ದೆ. ಅದರಲ್ಲಿ ದೋಣಿ ಉಬ್ಬಿರಲಿಲ್ಲ. ಹಳ್ಳವಾಗಿ, ತಿರುಗುಮುರುಗಾಗಿ, ಒಳಕ್ಕೆ ಇಳಿದಿತ್ತು. ನಾನು ನಿಮ್ಮದನ್ನು ಊದಿದ ದೋಣಿ ಅಂದೆ, ನೀವು ನನ್ನದನ್ನು ಮುಳುಗಿದ ದೋಣಿ ಅಂದಿರಿ. ಹಿಂದೆ ಸಾಲಿನಲ್ಲಿದ್ದವರು, “ನಿಮ್ಮ ದೋಣಿ ದಡ ಸೇರೋದು ಯಾವಾಗ, ನಮ್ಮ ಚೆಕ್ಕು ನೋಡೋದು ಯಾವಾಗ?” ಎಂದು ಕೂಗಿದರು.

ಮದುವೆಯಾದ ಮೇಲೆ ನೀವು ಪುಸ್ತಕಗಳನ್ನು ಓದಿ ಪಂಡಿತರಾದಿರಿ. ಒಂದು ದಿನ, “ನಿನ್ನದು ಖೋಟಾ ಕಣೇ. ಯಾರೋ ವರ್ಕ್‌ಶಾಪಿನಲ್ಲಿ ಕೂತು ಒತ್ತಿರೋದು” ಅಂದಿರಿ. ಅದು ನಗೆಯಲ್ಲಿ ಶುರುವಾಯಿತು. ಆಮೇಲೆ ಯಾರೇ ಬಂದರೂ ಅದನ್ನೇ ಹೇಳತೊಡಗಿದಿರಿ. ನಾನು ನನ್ನದನ್ನು ಹೊಲಿಗೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ನಿಮ್ಮದು ನಿಮ್ಮ ತಗಡಿನ ಡಬ್ಬಿಯಲ್ಲಿ ಉಳಿಯಿತು. ಪ್ಯಾಕ್ ಮಾಡುವ ದಿನದವರೆಗೆ ಅವೆರಡೂ ಮತ್ತೆ ಒಂದು ಮೇಜಿಗೆ ಬರಲಿಲ್ಲ.

ಇನ್ನು ಆ ಬುಧವಾರದ ವಿಷಯ. ಅದನ್ನು ಇಲ್ಲಿಯವರೆಗೆ ನಾನು ನಿಮ್ಮ ಮುಂದೆ ಎತ್ತಿಲ್ಲ, ಇವತ್ತು ಬರೆಯುತ್ತೇನೆ, ಜಗಳಕ್ಕಲ್ಲ. ಎಡಗಣ್ಣು ಮಂಜಾಗ್ತಿದೆ, ಆಪರೇಷನ್ ಮಾಡ್ಬೇಕಂತೆ ಅಂದೆ. ನೀವು ಭೂತಗನ್ನಡಿಯಲ್ಲಿ ಮುಖ ಹುದುಗಿಸಿಕೊಂಡು ಹೂಂ ಅಂದಿರಿ. ಬುಧವಾರ ಅಂತೆ ಅಂದೆ. ಹೂಂ. ಬರ್ತೀರಾ ಅಂದೆ. ಹೂಂ. ಬುಧವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಜೊತೆಗೆ ಯಾರು ಬಂದಿದ್ದಾರೆ ಎಂದು ನರ್ಸ್ ಕೇಳಿದಳು. ಬರ್ತಾರೆ ಅಂದೆ. ಎರಡನೇ ಸಲ ಕೇಳಿದಾಗಲೂ ಬರ್ತಾರೆ ಅಂದೆ. ಮೂರನೇ ಸಲ ಕೇಳಿದಾಗ ಅಕ್ಕನಿಗೆ ಫೋನ್ ಮಾಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಂದು ರಾತ್ರಿಗೆಂದು ಇಲ್ಲಿಗೆ ಬಂದವಳು ಇಲ್ಲೇ ಉಳಿದೆ. ಕೆಲವು ದಿನ ಬಿಟ್ಟು ನೀವು ಬಂದು, ಬಾಗಿಲಲ್ಲೇ ನಿಂತು, “ನನ್ನ ಭೂತಗನ್ನಡಿ ಎಲ್ಲಿಟ್ಟಿದೀಯ?” ಅಂದಿರಿ. ಕಣ್ಣಿನ ಪಟ್ಟಿ ನಿಮಗೆ ಕಂಡಿದ್ದು ಅದಾದ ಮೇಲೆ.

ನೀವು ಕುಡಿಯುವವರಲ್ಲ, ಹೊಡೆಯುವವರಲ್ಲ. ಜನ ಯಾಕೆ ಬಿಟ್ಟೆ ಎಂದು ಕೇಳಿದರೆ ನನಗೆ ಹೇಳಲು ಒಂದು ಹೂಂ ಬಿಟ್ಟು ಬೇರೆ ಏನೂ ಇಲ್ಲ. ಅದನ್ನು ಯಾವ ವಕೀಲೆ ತಾನೇ ಬರೆದುಕೊಳ್ಳುತ್ತಾಳೆ? ದಣಿವಾಗಿತ್ತು, ಅಷ್ಟೆ. ಗೋಡೆಯ ಜೊತೆ ಮಾತಾಡಿದರೆ ಗೋಡೆ ಕನಿಷ್ಠ ಹೂಂ ಅಂದು ಆಸೆ ಹುಟ್ಟಿಸುವುದಿಲ್ಲ.

ಇರಲಿ. ದೋಣಿಗಳು ಪಾರ್ಸೆಲ್ ತಳದಲ್ಲಿದ್ದವು. ಪತ್ರಿಕೆಯ ಉಂಡೆಗಳ ಕೆಳಗೆ ಬೇರೆಯದಕ್ಕಿಂತ ಅಗಲವಾದ ಒಂದು ಡಬ್ಬಿ. ಅದರಲ್ಲಿ ಎರಡು ಗುಂಡಿ. ಎಡಗಡೆ ನಿಮ್ಮ ಊದಿದ ದೋಣಿ, ಬಲಗಡೆ ನನ್ನ ಮುಳುಗಿದ ದೋಣಿ, ಮೇಲೆ ಎರಡಕ್ಕೂ ಸೇರಿ ಒಂದೇ ಲೇಬಲ್, ಒಂದೇ ಸಂಖ್ಯೆ. ಸುತ್ತಲೂ ಅಂಟಿಸಿ ಮುದ್ರೆ ಹಾಕಿ ಬಿಟ್ಟಿದ್ದಾರೆ.

ಬೇರೆ ಮಾಡಲು ಕಳಿಸಿದ್ದನ್ನು ಸೇರಿಸಿ ವಾಪಸ್ ಕಳಿಸಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ಭಾನುವಾರ ಕಂಪನಿಗೆ ರಜೆ. ಸೋಮವಾರ ಬೆಳಿಗ್ಗೆ ಬೈಯಲೆಂದೇ ಫೋನ್ ಮಾಡಿದೆ. ಆ ಹುಡುಗಿ ಪೂರ್ತಿ ಬೈಸಿಕೊಂಡಳು, ಆಮೇಲೆ, “ಮೇಡಂ, ನಿಮಗೆ ಯಾರೂ ಹೇಳೇ ಇಲ್ವಾ?” ಎಂದು ಕಥೆ ತೆಗೆದಳು.

ಅಲ್ಲಿ ನಾಣ್ಯ ನೋಡುವವರ ಮುಂದೆ ಹೆಸರಿರುವುದಿಲ್ಲವಂತೆ, ಬರೀ ಸಂಖ್ಯೆ. ಅವರಲ್ಲಿ ಹಿರಿಯರೊಬ್ಬರು ನಮ್ಮ ನಾಣ್ಯಗಳ ತಟ್ಟೆ ನೋಡುತ್ತಿದ್ದರು. ನಿಮ್ಮ ದೋಣಿಯ ಹಾಯಿಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ಕುಳಿ ಇದೆಯಲ್ಲ, ಅದನ್ನು ಲೆನ್ಸಿನಲ್ಲಿ ಕಂಡು ಬರೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನನ್ನ ದೋಣಿ ಕೈಗೆ ಬಂತು. ಅದರ ಹಾಯಿಯಲ್ಲಿ ಅದೇ ಜಾಗದಲ್ಲಿ, ಅದೇ ಗಾತ್ರದ ಒಂದು ಗುಬುಟು. ಅವರು ಲೆನ್ಸ್ ಕೆಳಗಿಟ್ಟು, ಕಣ್ಣುಜ್ಜಿಕೊಂಡು, ಟೀ ಕುಡಿಯಲು ಹೋಗಿದ್ದವರನ್ನೆಲ್ಲ ವಾಪಸ್ ಕರೆದರಂತೆ. ಒಬ್ಬರ ಕೈಯಲ್ಲಿ ಅರ್ಧ ಬಿಸ್ಕತ್ತು ಇತ್ತು ಎಂಬುದನ್ನೂ ಹುಡುಗಿ ಹೇಳಿದಳು.

ಟಂಕಸಾಲೆಯಲ್ಲಿ ಅಚ್ಚು ಬಿದ್ದ ನಾಣ್ಯ ಕೆಳಗೆ ಉದುರಬೇಕು. ನಿಮ್ಮದು ಉದುರಲಿಲ್ಲ, ಅಚ್ಚಿಗೇ ಕಚ್ಚಿಕೊಂಡಿತು. ಅಷ್ಟರಲ್ಲಿ ಮುಂದಿನ ಬಿಲ್ಲೆ, ಅಂದರೆ ನನ್ನದು, ಅದರ ಕೆಳಗೆ ಬಂತು. ಯಂತ್ರ ಏಟು ಹಾಕಿತು. ನಿಮ್ಮ ದೋಣಿ ನನ್ನದರೊಳಕ್ಕೆ ಇಳಿಯಿತು, ನನ್ನದನ್ನು ಒತ್ತಿದ ಏಟಿಗೆ ನಿಮ್ಮದು ಹರಡಿ ಊದಿತು. “ಎರಡೂ ಅಸಲಿ ಮೇಡಂ. ಒಂದೇ ಏಟಿಗೆ ಹೀಗಾಗಿರೋದು. ಒಂದನ್ನ ಇನ್ನೊಂದರ ಮೇಲೆ ಇಟ್ರೆ ಸರಿಯಾಗಿ ಕೂರತ್ತೆ, ಆದ್ರೆ ನಾವು ಮುಟ್ಟಿಸಿ ನೋಡಲ್ಲ, ಲೆನ್ಸಲ್ಲೇ ಗೊತ್ತಾಗತ್ತೆ. ಇಂಥ ಜೋಡಿ ಚೀಲದಿಂದ ಹೊರಗೆ ಬಿದ್ಮೇಲೆ ಮತ್ತೆ ಸೇರೋದೇ ಇಲ್ಲ. ನಿಮ್ಮದು ಎಲ್ಲಿ ಸಿಕ್ತು, ಎಷ್ಟು ದೇಶ ಸುತ್ತಿ ಹುಡುಕಿದ್ರಿ?” ಎಂದು ಕೇಳಿದಳು. ಒಂದೇ ಮನೆಯ ಎರಡು ಕೋಣೆಯಲ್ಲಿತ್ತಮ್ಮ ಎಂದು ಹೇಳಲು ನನಗೆ ನಾಚಿಕೆಯಾಯಿತು. ಬಹಳ ಸುತ್ತಿದೆವು ಅಂದೆ.

ನಿಮ್ಮ ಪಾಂಡಿತ್ಯಕ್ಕೆ ಇಷ್ಟೇ ಉತ್ತರ: ನನ್ನದು ಖೋಟಾ ಅಲ್ಲ. ಅದು ಹಾಗಾಗಿದ್ದು ನಿಮ್ಮದರಿಂದ. ಇದಕ್ಕಿಂತ ಹೆಚ್ಚು ಅರ್ಥ ನೀವು ಹುಡುಕಬೇಡಿ, ನಾನೂ ಹುಡುಕುವುದಿಲ್ಲ. ಲೋಹಕ್ಕೆ ಲೋಹ ತಾಗಿದ್ದು, ಮುಗಿಯಿತು. ನಮ್ಮಿಬ್ಬರಿಗೂ ಆ ವಯಸ್ಸು ದಾಟಿದೆ.

ಜೋಡಿಗೆ ಒಂದೇ ಡಬ್ಬಿ ಹಾಕಲೇ ಎಂದು ಕೇಳಲು ಅವರು ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದ್ದರಂತೆ. ಅದು ನಿಮ್ಮ ಸಂಖ್ಯೆ. ಒಡೆಯರು ಒಪ್ಪಿದರು ಎಂದು ಅವರ ಕಂಪ್ಯೂಟರಿನಲ್ಲಿ ದಾಖಲಾಗಿದೆ.

ನಿನ್ನೆ ಸಂಜೆ ಟೀ ಕುಡಿಯುವಾಗ ಇದನ್ನೆಲ್ಲ ಅಕ್ಕ ಭಾವನಿಗೆ ಹೇಳಿದೆ. ಭಾವ ನಕ್ಕು ನಕ್ಕು ಕೆಮ್ಮಿದರು. “ಏನಂದಿರ್ತಾನೆ, ಹೂಂ ಅಂದಿರ್ತಾನೆ! ಆ ಕಿವಿಗೆ ಎಲ್ಲಾ ಒಂದೇ. ನಾಳೆ ಯಾರಾದ್ರೂ ಫೋನ್ ಮಾಡಿ ನಿಮ್ಮ ಮನೇನ ಸಮುದ್ರಕ್ಕೆ ಹಾಕ್ತೀವಿ ಅಂದ್ರೂ ಹೂಂ ಅಂತಾನೆ” ಅಂದರು. ಅಕ್ಕ ನಗಲಿಲ್ಲ. “ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಒಂದು ಸಲಾನೂ ಎರಡನ್ನೂ ಪಕ್ಕ ಇಟ್ಟು ನೋಡ್ಲಿಲ್ವೇನೇ?” ಅಂದಳು. ನಾಣ್ಯಕ್ಕೆ ನಾಣ್ಯ ತಾಗಿಸಬಾರದು ಅಕ್ಕಾ, ಗೀರು ಬೀಳತ್ತೆ ಅಂದೆ. ನಿಮಗೆ ಗೊತ್ತಲ್ಲ, ನಾವು ಮೊದಲು ಕಲಿತ ಪಾಠವೇ ಅದು. ಅಕ್ಕ ನನ್ನನ್ನೂ ಡಬ್ಬಿಯನ್ನೂ ನೋಡಿ, “ಈಗ ಬಿದ್ದಿಲ್ವಾ ಗೀರು?” ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಭಾವ ಸುತ್ತಿಗೆ ತಂದರು. ಡಬ್ಬಿ ಒಡೆಯಬಹುದು. ಒಡೆದರೆ ಅಂಕವೂ ಜೋಡಿ ಎಂಬ ಲೇಬಲ್ಲೂ ರದ್ದು, ಎರಡು ಬಿಡಿ ನಾಣ್ಯ ಉಳಿಯುತ್ತವೆ, ಮೊದಲಿನ ಹಾಗೆ. ಹಂಚಿಕೆಗೆ ಅದೇ ಅನುಕೂಲ. ಭಾವ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, “ಒಂದೇ ಏಟು ಸಾಕು. ತೂಗೋನ ಕೈ, ಹದ ಗೊತ್ತು” ಎಂದು ಸುತ್ತಿಗೆ ಎತ್ತಿ ನನ್ನ ಮುಖ ನೋಡಿದರು. ಇವತ್ತು ಬೇಡ ಭಾವ, ಕೈ ನೋಯ್ತಿದೆ ಅಂದೆ. “ಸುತ್ತಿಗೆ ಹಿಡಿದಿರೋನು ನಾನು, ನೋವು ನಿನ್ನ ಕೈಗಾ?” ಅಂದರು. ಆದರೂ ಕೆಳಗಿಟ್ಟರು.

ಈಗ ಡಬ್ಬಿ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದೆ. ಅಗಲವಾದ್ದರಿಂದ ಮುಚ್ಚಳ ಕೂರುವುದಿಲ್ಲ.

ಒಡೆಯಬೇಕೋ ಬೇಡವೋ ನಾನೊಬ್ಬಳೇ ತೀರ್ಮಾನ ಮಾಡಲಾರೆ, ಅರ್ಧ ನಿಮ್ಮದು. ಗುರುವಾರ ಬೆಳಿಗ್ಗೆ ಬಂದು ನೋಡಿ. ಕನ್ನಡಕ ತನ್ನಿ. ಭೂತಗನ್ನಡಿ ಬೇಡ, ಅದು ಬಂದರೆ ನೀವು ಬರುವುದಿಲ್ಲ. ಒಡೆಯುವುದಾದರೆ ನಿಮ್ಮ ಕೈಯಿಂದಲೇ ಒಡೆಯಿರಿ. ಶುಕ್ರವಾರದ ಸಹಿ ಅದಾದ ಮೇಲೆ. ನನ್ನ ಮನಸ್ಸು ಹೀಗಿದೆ ಹಾಗಿದೆ ಎಂದು ಬರೆಯಲು ಶಕ್ತಿಯಿಲ್ಲ. ಅಕ್ಕನ ಮನೆಯಲ್ಲಿ ನನ್ನ ಹಾಸಿಗೆ ಹಾಲ್‌ನಲ್ಲಿದೆ. ಅಲ್ಲಿ ಪಾರ್ಟಿಷನ್ ಹಾಕಿ ನನಗೊಂದು ಕೋಣೆ ಮಾಡಿಕೊಡಲು ಭಾವ ಹೋದ ವಾರ ಪ್ಲೈವುಡ್ ತರಿಸಿದ್ದಾರೆ. ಇಷ್ಟು ಒಳ್ಳೆಯವರ ಮನೆಯಲ್ಲೂ ಬೆಳಿಗ್ಗೆ ಎದ್ದಾಗ ಯಾವ ಕಡೆ ಗೋಡೆ, ಯಾವ ಕಡೆ ಕಿಟಕಿ ಎಂದು ನನಗೆ ಇನ್ನೂ ತಿಳಿಯುವುದಿಲ್ಲ.

ಬಿಪಿ ಮಾತ್ರೆ ಊಟದ ಮೇಲೆ, ಮೊದಲು ಅಲ್ಲ.

ಇಂತಿ,
ಚಿಲ್ಲರೆ ಕೌಂಟರಿನವಳು

ತಾಜಾ ಕಲಂ: ಫೋನ್ ಹುಡುಗಿ ಹೇಳಿದ್ದರಲ್ಲಿ ಒಂದು ಮಾತನ್ನು ಮೇಲೆ ಬರೆಯಲಿಲ್ಲ. ಭಾವ ಹಾಗೆ ನಕ್ಕಾಗ ನಾನೂ ಮೊದಲು ಸುಮ್ಮನೆ ನಕ್ಕೆ. ಆದರೆ ನಿಮಗೆ ಫೋನ್ ಮಾಡಿದ್ದು ಅದೇ ಹುಡುಗಿ. ನೀವು ಹೂಂ ಅನ್ನಲಿಲ್ಲವಂತೆ. “ಸ್ವಲ್ಪ ತಡಿಯಮ್ಮ, ಒಳ್ಳೇ ಕಿವಿಗೆ ಹಾಕ್ಕೋತೀನಿ” ಅಂದಿರಂತೆ. ಮತ್ತೊಮ್ಮೆ ಹೇಳು ಅಂದಿರಂತೆ. ಅವಳು ಹೇಳಿದಳು. ಇನ್ನೊಮ್ಮೆ ನಿಧಾನವಾಗಿ ಹೇಳು ಅಂದಿರಂತೆ. ಆಮೇಲೆ, “ಒಂದ್ಸಲ ಹಾಕಿದ್ಮೇಲೆ ಅದನ್ನ ಬಿಚ್ಚೋಕಾಗತ್ತಾ?” ಎಂದು ಕೇಳಿದಿರಂತೆ. ಒಡೀದೆ ಬಿಚ್ಚೋಕಾಗಲ್ಲ ಸಾರ್ ಅಂದಳಂತೆ.  ಆಗ ನೀವು “ಹಾಗಾದ್ರೆ ಹಾಕಿ” ಅಂದಿರಂತೆ. ಭಾವ ಸುತ್ತಿಗೆ ಕೆಳಗಿಟ್ಟ ಮೇಲೆ ಇದನ್ನೂ ಅಕ್ಕ ಭಾವನಿಗೆ ಹೇಳಿದೆ. ಸುತ್ತಿಗೆ ಒಳಗೆ ಹೋಗಿದ್ದು ಆಗ.

ನಮ್ಮಜ್ಜಿ ಕಥೆ ಮುಗಿಸುವಾಗ, ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದನ್ನೂ ಹೇಳುತ್ತಿದ್ದಳು. ಇವತ್ತು ಬೆಳಿಗ್ಗೆ ಬಡಗಿ ಅಳತೆಪಟ್ಟಿ ಹಿಡಿದು ಬಂದ. ಅಕ್ಕ ಅವನಿಗೆ ಟೀ ಕೊಟ್ಟಳು. ಭಾವ, “ಈ ವಾರ ಬೇಡಪ್ಪ, ನಾನೇ ಹೇಳಿ ಕಳಿಸ್ತೀನಿ” ಎಂದು ವಾಪಸ್ ಕಳಿಸಿದರು. ಯಾಕೆ ಎಂದು ಬಡಗಿ ಕೇಳಿದ, ನಾನು ಕೇಳಲಿಲ್ಲ. ಪ್ಲೈವುಡ್ ಬಾಗಿಲ ಹಿಂದೆಯೇ ನಿಂತಿದೆ. ಬಾಗಿಲು ಅರ್ಧವೇ ತೆರೆಯುವುದರಿಂದ ಮೂವರೂ ಮೈ ಓರೆ ಮಾಡಿಕೊಂಡು ಓಡಾಡುತ್ತಿದ್ದೇವೆ. ಗುರುವಾರ ನೀವೂ ಹಾಗೆಯೇ ಒಳಗೆ ಬನ್ನಿ.